ಕ್ಯಾಂಪಿನಿಂದ ಕರೆ ಬಂದರೆ

ಸ್ಯೂ ಅಕ್ಕಾ,

ಕಡ್ಡಾಯ ಸೈನ್ಯಸೇವೆಯ ವೈದ್ಯಕೀಯ ತಪಾಸಣೆಗೆ ಹೊರಟೆ. ನನಗೆ ಇಷ್ಟವಾಗುವುದು ಗಂಡಸರೇ ಅಂತ ಇವತ್ತು ಡಾಕ್ಟರಿಗೆ ಹೇಳಿಬಿಡುತ್ತೇನೆ. ಊರವರ ದನಿಯನ್ನೆಲ್ಲ ಅಣಕಿಸುವ ನನಗೂ ಎರಡು ವರ್ಷ ಬ್ಯಾರಕ್ಕಿನಲ್ಲಿ ಹುಡುಗಿಯರ ಹುಚ್ಚಿನವನ ಪಾತ್ರ ಮಾಡಲು ಆಗಲಿಕ್ಕಿಲ್ಲ.

ಹಾಗೆ ಹೇಳಿದವರ ಅಪ್ಪ ಅಮ್ಮನಿಗೆ ಫೋನ್ ಮಾಡಿ ಕ್ಯಾಂಪಿಗೆ ಕರೆಸುತ್ತಾರಂತೆ.

ಅಪ್ಪ ತಮ್ಮ ಹಳೆಯ ಬೂಟಿಗೆ ಪಾಲಿಶ್ ಹಾಕಿ ಬಾಗಿಲಲ್ಲಿಟ್ಟಿದ್ದಾರೆ. "ಎದೆ ಸೆಟೆಸೋ! ಸೈನ್ಯ ನಿನ್ನನ್ನ ಗಂಡಸು ಮಾಡುತ್ತೆ!" ಅಂದರು. ಆ ದನಿ ಅಣಕಿಸಲು ಬರುತ್ತೆ, ಆದರೆ ಆ ಬೂಟು ಹಾಕಿಕೊಂಡೇ ಹೊರಟಿದ್ದೇನೆ.

ಅಪ್ಪ ನಮ್ಮ ಫ್ಲಾಟಿನ ಬ್ಲಾಕಿನ ಕೆಳಗಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾರೆ, ಅವರ ಫೋನ್ ಮನೆಯ ಮೇಜಿನ ಮೇಲಿದೆ. ಕರೆ ಬಂದರೆ ನೀನೇ ಎತ್ತು. ಅಮ್ಮನ ಹಾಗೆ ನಟಿಸಿ ದನಿ ತೆಗೆಯಬೇಡ, ನಿನಗದು ಬರಲ್ಲ.

ಅಪ್ಪನೇ ಎತ್ತಿಬಿಟ್ಟರೆ ಪಕ್ಕದಲ್ಲಿ ನಿಂತಿರು. ಏನಂದರು ಅಂತ ಹೇಳಬೇಡ. ರಾತ್ರಿ ಊಟಕ್ಕೆ ನಾನು ಮನೆಗೆ ಬರಬಹುದೋ ಇಲ್ಲವೋ, ಅಷ್ಟು ತಿಳಿಸು.

ಕಿಯಾಟ್