ಏರಿದ ಸೀಟು

ಭಾನು,

ಫಸ್ಟ್ ಶಿಫ್ಟಿಗೆ ಹೊರಟೆ, ನಿನ್ನ ಎಬ್ಬಿಸಲಿಲ್ಲ. ನಾಲ್ಕು ದಿನ ಪೆಣ್ಣೈ ಹೊಳೆ ದಂಡೆ ಹಿಡ್ಕೊಂಡು ಕಡಲೂರಿನವರೆಗೂ ಸೈಕಲ್ ತುಳಿದಿದೀಯ, ಮಲ್ಕೋ. ಸೊಪ್ಪಿನ ಸಾರು ಐತೆ, ಮುದ್ದೆ ನೀನೇ ತಿರುವ್ಕೋ.

ಸಮುದ್ರದ ಫೋಟೋ ನೋಡ್ದೆ. ಎಲ್ಲಾದ್ರಲ್ಲೂ ನಿನ್ನ ಪಕ್ಕ ನಿಮ್ಮ ಗುಂಪಿನ ರಘುನಾಥನೇ ಅವ್ನೆ. ನಾನು ಹುರಿದು ಕಟ್ಟಿಕೊಟ್ಟ ಕಡಲೇಬೀಜ ಅವನ ಕೈಯಲ್ಲೈತೆ. ಇರ್ಲಿ, ತಿನ್ಲಿ.

ಸೈಕಲ್ ಒರೆಸಿ ಚೈನಿಗೆ ಎಣ್ಣೆ ಬಿಟ್ಟಿದೀನಿ. ಸೀಟು ಮಾತ್ರ ನಾಲ್ಕು ಬೆರಳು ಮೇಲಕ್ಕೆ ಏರಿತ್ತು. ಅಷ್ಟೆತ್ತರ ಕೂತ್ರೆ ನಿನ್ನ ಕಾಲು ಪೆಡಲಿಗೆ ಎಟುಕಲ್ಲ. ಮದುವೆಯಾದ ಹೊಸದ್ರಲ್ಲಿ ಕೆಲವರಪಳ್ಳಿ ಡ್ಯಾಮ್ ಹತ್ರ ಹಿಂದೆ ಓಡಿ ಓಡಿ ಕಲಿಸಿದೋನು ನಾನು, ನಂಗೊತ್ತಿಲ್ವಾ? ಯಾರು ತುಳಿದ್ರು ಅಂತ ಕೇಳಲ್ಲ.

ಸೀಟು ಇಳಿಸಿದೀನಿ. ಇನ್ನೊಂದ್ಸಲ ಏರಿಸೋದಾದ್ರೆ ನನ್ನ ಎತ್ತರಕ್ಕೆ ಏರಿಸು. ನಾನೂ ಸಮುದ್ರ ನೋಡಿಲ್ಲ.

ಕುಮಾರೇಶ