ದೂಮಣ್ಣ ಕುಡಿದ ಗಂಜಿ

ತಾ. ೧೧-೨-೧೯೩೭, ಗುರುವಾರ

ದೂಮಣ್ಣನ ರಬ್ಬರ್ ಉಡುಪು ತೊಳೆದು ಹಾಕಿದ್ದು ಇನ್ನೂ ಒಣಗಲಿಲ್ಲ. ಬಂದರಿನಲ್ಲಿ ಮುಳುಗಿದ ಮಂಜಿ ಹಡಗಿನಿಂದ ಹಂಚು ಎತ್ತಲು ಅಣ್ಣ ನೀರಿಗಿಳಿಯುತ್ತಾನೆ, ಮೇಲೆ ಹಗ್ಗ ಹಿಡಿಯುವವನು ನಾನು. ಆ ಉಡುಪು ಒಮ್ಮೆ ತೊಟ್ಟರೆ ಮಧ್ಯಾಹ್ನದವರೆಗೆ ಮೂತ್ರಕ್ಕೆ ದಾರಿಯಿಲ್ಲ. ಅದಕ್ಕೇ ಬೆಳಿಗ್ಗೆ ಗಂಜಿ ಮುಟ್ಟುವುದಿಲ್ಲ. ಅತ್ತಿಗೆಗೆ ಅದನ್ನು ಹೇಳಲು ಅವನಿಗೆ ನಾಚಿಕೆ. ತನ್ನ ಕೈಯ ಗಂಜಿ ಗಂಡನಿಗೆ ಸೇರುವುದಿಲ್ಲವೆಂದು ಅವರು ಇವತ್ತು ಕಣ್ಣೀರು ಹಾಕಿದರು. ಅಣ್ಣ ಬಟ್ಟಲು ಖಾಲಿ ಮಾಡಿದ.

ಇಳಿದು ಸ್ವಲ್ಪ ಹೊತ್ತಿಗೇ ಹಗ್ಗ ಜಗ್ಗಿದ. ಉಸಿರು ಕಟ್ಟಿತೆಂದು ಹೆದರಿ ಎಳೆದೆವು. ಹಿತ್ತಾಳೆ ಟೋಪಿ ತೆಗೆದರೆ ಮುಖವೆಲ್ಲ ಕೆಂಪು.

"ಇನ್ನು ಬಿಚ್ಚಲು ಅವಸರ ಇಲ್ಲ ಮಾರಾಯ," ಅಂದ.

ಈಗ ಒಳಗೆ ಅತ್ತಿಗೆ ಕೇಳುತ್ತಿದ್ದಾರೆ, "ನಾಳೆಯೂ ಗಂಜಿ ಕೊಡಲಾ?"

"ಕೊಡು," ಅಂದ ಅಣ್ಣ.

ಉಡುಪು ತೊಳೆಯುವವನು ನಾನು. ಇರಲಿ, ಸಾಬೂನು ಇನ್ನೂ ಅರ್ಧ ಉಂಟು.