ಬಸ್ಸು ತಡವಾಗಿರಲಿಲ್ಲ

ಅಕ್ಕಾ,

ನೀನು ಕೇಳಿದ ಅಮ್ಮನ ಆಸ್ಪತ್ರೆ ಕಾಗದಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಇನ್ನೊಂದು ವಿಷಯ. ಅಮ್ಮ ಹೋದ ದಿನ ಬಸ್ಸು ತಡವಾಯಿತು ಅಂದಿದ್ದೆನಲ್ಲ, ಬಸ್ಸು ತಡವಾಗಿರಲಿಲ್ಲ.

ನೀನು ಫೋನ್ ಮಾಡಿ, "ಅಮ್ಮ ನಿನ್ನನ್ನೇ ಕೇಳ್ತಿದ್ದಾಳೆ, ಹೊರಟ್ಯಾ?" ಅಂದಾಗ ನಾನು ಕಂಪ್ಯೂಟರ್ ನೆಟ್‌ವರ್ಕ್ ಕೋರ್ಸಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿದ್ದೆ. "ಹೂಂ, ದಾರೀಲಿದ್ದೀನಿ" ಅಂದುಬಿಟ್ಟೆ. ಮೇಷ್ಟ್ರು ಕೇಳಿಸಿಕೊಂಡು, "ಹೋಗಮ್ಮ, ಇನ್ನೊಂದು ದಿನ ಮಾಡು" ಅಂದರು.

ಪರೀಕ್ಷೆಗೆಂದು ಜೋಡಿಸಿದ್ದ ನೆಟ್‌ವರ್ಕಿನಲ್ಲಿ ಅವರು ಬೇಕೆಂದೇ ಎರಡು ತಪ್ಪು ಮಾಡಿಟ್ಟಿದ್ದರು. ಮೊದಲನೆಯದು ಸಿಕ್ಕಿತ್ತು: ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ಚು ಪೆಟ್ಟಿಗೆಗಳ ನಡುವೆ ಒಂದು ಕೇಬಲ್ ಹೆಚ್ಚಾಗಿ, ಕಳಿಸಿದ್ದೆಲ್ಲ ಅಲ್ಲಲ್ಲೇ ಸುತ್ತುತ್ತಿತ್ತು. ಅದನ್ನು ಕಿತ್ತ ಮೇಲೆ, ಹುಚ್ಚೆದ್ದು ಮಿನುಗುತ್ತಿದ್ದ ದೀಪಗಳು ತಣ್ಣಗಾದವು. ಎರಡನೆಯದು ಬಾಕಿ ಇತ್ತು: ಸಂದೇಶಕ್ಕೆ ದಾರಿ ತೋರಿಸಬೇಕಾದ ಎರಡು ರೂಟರುಗಳು "ನನ್ನದಲ್ಲ, ನಿನ್ನದು" ಎನ್ನುವ ಹಾಗೆ ಒಂದೇ ಸಂದೇಶವನ್ನು ಆಚೆಗೀಚೆಗೆ ತಳ್ಳುತ್ತಿದ್ದವು. ಆ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವಳು ನಾನು, ಬಿಟ್ಟು ಹೊರಡಲಿಲ್ಲ. ಹತ್ತು ನಿಮಿಷದ ಕೆಲಸ ಅಂದುಕೊಂಡೆ, ನಲವತ್ತು ಹಿಡಿಯಿತು. ಒಂದು ರೂಟರಿಗೆ ಸರಿಯಾದ ದಾರಿ ಕೊಟ್ಟಾಗ ಉತ್ತರ ಬಂತು. ಆಮೇಲೂ ಕೇಬಲ್ಲುಗಳನ್ನೆಲ್ಲ ನೀಟಾಗಿ ಸುತ್ತಿಟ್ಟೇ ಹೊರಟೆ.

ನಾನು ಬಂದಾಗ ಎಲ್ಲ ಮುಗಿದಿತ್ತು. ಅಮ್ಮ ಕಣ್ಣು ಬಿಟ್ಟಾಗಲೆಲ್ಲ ನೀನು "ದಾರೀಲಿದ್ದಾಳೆ, ಈಗ ಬರ್ತಾಳೆ" ಅನ್ನುತ್ತಿದ್ದೆಯಂತೆ, ನರ್ಸು ಹೇಳಿದರು. ಆ ಸುಳ್ಳು ನನ್ನದು, ಅಕ್ಕಾ. ನಿನ್ನ ಬಾಯಿಂದ ಹೇಳಿಸಿದೆ.

ಅಳು ಇನ್ನೂ ಬಂದಿಲ್ಲ. ಊಟ, ನಿದ್ದೆ ಎಲ್ಲ ಸರಿಯಾಗಿಯೇ ಇದೆ. ಆ ಪರೀಕ್ಷೆ ಪಾಸಾಯಿತು, ಒಂದು ಕಂಪನಿಯವರು ಸೋಮವಾರದಿಂದ ಕೆಲಸಕ್ಕೆ ಬಾ ಅಂದಿದ್ದಾರೆ.

ಭಾನುವಾರ ಮನೆಗೆ ಬರುತ್ತೇನೆ, ಅಪ್ಪನಿಗೆ ನಾನೇ ಹೇಳುತ್ತೇನೆ. ನಾನು ಬರುವುದು ನಿನಗೆ ಬೇಡವಾದರೆ, ಅಷ್ಟರೊಳಗೆ ಒಂದು ಸಾಲು ಬರೆದು ಹಾಕು.

ನಿನ್ನ ತಂಗಿ